ಎಡಿಟಿಂಗ್ ಟಿಪ್ಪಣಿ: ಬಲಗೈಗೆ ಜೆ-ಕೆ-ಎಲ್, ಎಡಗೈಗೆ ಕ್ಯೂ-ಡಬ್ಲ್ಯೂ

ಶಾರ್ಟ್‌ಕಟ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಆರು ಕೀ ಬೆರಳಿಗೆ ಹತ್ತಿದರೆ ಸಂದರ್ಶನವೊಂದರ ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಮೌಸ್ ಮುಟ್ಟದೆ ಮುಗಿಯುತ್ತದೆ. ಇಲ್ಲಿ ಹೇಳುತ್ತಿರುವುದು ವಿಡಿಯೊ ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೋ ಬಗ್ಗೆ, ವಿಂಡೋಸ್‌ನಲ್ಲಿ.

ಕೀಬೋರ್ಡಿನ ಜೆ ಮೇಲೆ ಸಣ್ಣ ಉಬ್ಬು ಇರುತ್ತದೆ. ಬಲಗೈ ತೋರುಬೆರಳನ್ನು ಅಲ್ಲಿಡಿ; ನಡುಬೆರಳು ಕೆ ಮೇಲೆ, ಉಂಗುರಬೆರಳು ಎಲ್ ಮೇಲೆ ತಾನಾಗಿ ಕೂರುತ್ತದೆ. ಎಲ್ ಒತ್ತಿದರೆ ವಿಡಿಯೊ ಮುಂದಕ್ಕೆ, ಜೆ ಒತ್ತಿದರೆ ಹಿಂದಕ್ಕೆ, ಕೆ ಒತ್ತಿದರೆ ನಿಲುಗಡೆ. ಎಲ್ ಮತ್ತೊಮ್ಮೆ ಒತ್ತಿದರೆ ವೇಗ ಹೆಚ್ಚುತ್ತದೆ. ಕೆ ಹಿಡಿದುಕೊಂಡೇ ಎಲ್ ಒತ್ತಿದರೆ ನಿಧಾನಗತಿ. ಮಾತು ಎಲ್ಲಿ ಮುಗಿಯಿತೆಂದು ಕಿವಿಯಿಂದಲೇ ಹಿಡಿಯಬಹುದು. ಅದೂ ಸಾಲದಿದ್ದರೆ ಬಾಣದ ಕೀ ಇದೆ: ಒಂದು ಸಲ ಒತ್ತಿದರೆ ಒಂದು ಫ್ರೇಮ್, ಅಂದರೆ ವಿಡಿಯೊದ ಒಂದೇ ಒಂದು ಚಿತ್ರ. ಬೇರೆ ಎಡಿಟಿಂಗ್ ತಂತ್ರಾಂಶಗಳಾದ ಡಾವಿಂಚಿ ರಿಸಾಲ್ವ್, ಫೈನಲ್ ಕಟ್, ಅವಿಡ್‌ಗಳಲ್ಲೂ ಜೆ-ಕೆ-ಎಲ್ ಮೂರರ ಕೆಲಸ ಇದೇ, ಹಾಗಾಗಿ ಇವನ್ನು ಬದಲಿಸಲು ಹೋಗಬೇಡಿ.

ಈಗ ಎಡಗೈ. ಮಾತಾಡುವವರು ಒಂದು ವಾಕ್ಯ ಮುಗಿಸಿ, "ಅಂದ್ರೆ... ಏನಂದ್ರೆ..." ಎಂದು ತಡವರಿಸಿ, ಉಸಿರೆಳೆದು ಮುಂದಿನದು ಶುರು ಮಾಡುತ್ತಾರೆ. ಮೊದಲ ವಾಕ್ಯ ಮುಗಿದಲ್ಲಿ ಕಂಟ್ರೋಲ್-ಕೆ ಒತ್ತಿ ಕ್ಲಿಪ್ ಕತ್ತರಿಸಿ. ಮುಂದಿನ ವಾಕ್ಯಕ್ಕೆ ಬಾಯಿ ತೆರೆಯುವ ಜಾಗಕ್ಕೆ ಹೋಗಿ ಕ್ಯೂ ಒತ್ತಿ. ಆ ಕಟ್‌ನಿಂದ ಪ್ಲೇಹೆಡ್‌ವರೆಗಿನ ತಡವರಿಕೆ ಹೋಗುತ್ತದೆ, ಖಾಲಿ ಜಾಗವೂ ಮುಚ್ಚಿಕೊಳ್ಳುತ್ತದೆ. ಪ್ಲೇಹೆಡ್ ಅಂದರೆ ವಿಡಿಯೊದಲ್ಲಿ ನೀವು ಈಗ ಎಲ್ಲಿದ್ದೀರಿ ಎಂದು ತೋರಿಸುವ ಗೆರೆ. ಡಬ್ಲ್ಯೂ ಇದರ ಜೋಡಿ: ಪ್ಲೇಹೆಡ್‌ನಿಂದ ಮುಂದಿನ ಕಟ್‌ವರೆಗೆ ತೆಗೆಯುತ್ತದೆ.

ಕಂಟ್ರೋಲ್-ಕೆಗೆ ಮಾತ್ರ ಎರಡೂ ಕೈ ಬೇಕು. ನೂರಾರು ಸಲ ಒತ್ತುವ ಕೀ ಹೀಗಿರಬಾರದು. ಕಂಟ್ರೋಲ್-ಆಲ್ಟ್-ಕೆ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಚಿತ್ರ ಬರುತ್ತದೆ. ನೇರಳೆ ಬಣ್ಣದವು ಎಲ್ಲೆಡೆ ಕೆಲಸ ಮಾಡುವ ಶಾರ್ಟ್‌ಕಟ್‌ಗಳು, ಹಸಿರು ಬಣ್ಣದವು ಆಯಾ ಪ್ಯಾನೆಲ್‌ಗೆ ಮಾತ್ರ. ಹುಡುಕುವ ಜಾಗದಲ್ಲಿ ಆಡ್ ಎಡಿಟ್ (ಕಂಟ್ರೋಲ್-ಕೆ ಮಾಡುವ ಕತ್ತರಿಸುವ ಆಜ್ಞೆ) ಎಂದು ಹಾಕಿ, ಅದನ್ನು ಎಸ್‌ಗೆ ಕೊಡಿ. ಎಸ್ ಮೊದಲೇ ಸ್ನ್ಯಾಪ್ (ಕ್ಲಿಪ್ ಅಂಚುಗಳು ತಾವಾಗಿ ಅಂಟಿಕೊಳ್ಳುವ) ಆಜ್ಞೆಯ ಕೀ. ಅದಕ್ಕೆ ಬೇರೆ ಜಾಗ ಕೊಡಲು ಮರೆಯಬೇಡಿ. ನಂತರ ಸೇವ್ ಆ್ಯಸ್ ಮಾಡಿದರೆ ಹೆಸರಿನ ಕೊನೆಗೆ .kys (ಕೆವೈಎಸ್) ಇರುವ ಸಣ್ಣ ಫೈಲ್ ಆಗುತ್ತದೆ. ಅದರ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ, ಕಂಪ್ಯೂಟರ್ ಬದಲಾದರೂ ನಿಮ್ಮ ಕೀ ನಿಮ್ಮ ಜೊತೆ ಬರುತ್ತವೆ.

ರಿಸಾಲ್ವ್‌ಗೆ ಹೋದವರಿಗೊಂದು ಎಚ್ಚರಿಕೆ: ಅಲ್ಲಿ ಕ್ಯೂ ಕತ್ತರಿಸುವುದಿಲ್ಲ, ಸೋರ್ಸ್ (ಮೂಲ ವಿಡಿಯೊ) ಮತ್ತು ಕ್ಲಿಪ್ ಜೋಡಿಸುವ ಟೈಮ್‌ಲೈನ್ ನಡುವೆ ವೀಕ್ಷಣೆ ಬದಲಿಸುತ್ತದೆ. ಅಲ್ಲಿನ ಕೀಬೋರ್ಡ್ ಕಸ್ಟಮೈಸೇಶನ್‌ನಲ್ಲಿ ಪ್ರೀಮಿಯರ್‌ನ ಕೀಗಳದೇ ಪ್ರೀಸೆಟ್ (ಪೂರ್ವಹೊಂದಿಕೆ) ಸಿದ್ಧವಾಗಿಯೇ ಇದೆ, ಆರಿಸಿಕೊಂಡರಾಯಿತು.

ಕನ್ನಡದಲ್ಲಿ ಶೀರ್ಷಿಕೆ ಹಾಕುವವರಿಗೆ ಇನ್ನೊಂದು ಮಾತು. ಇನ್‌ಸ್ಕ್ರಿಪ್ಟ್‌ನಲ್ಲಿ (ಕನ್ನಡ ಟೈಪಿಂಗಿನ ಒಂದು ಕೀಲಿಮಣೆ ವಿನ್ಯಾಸ) ಹೆಸರು ಟೈಪ್ ಮಾಡಿ, ಹಾಗೇ ಹಿಂದಕ್ಕೆ ಹೋಗಲು ಜೆ ಒತ್ತಿದೆ. ವಿಡಿಯೊ ಕದಲಲಿಲ್ಲ, ಹೆಸರಿನ ಕೊನೆಗೆ ಒಂದು "ರ" ಅಂಟಿಕೊಂಡಿತು. ಕರ್ಸರ್ ಇನ್ನೂ ಪಠ್ಯದೊಳಗೇ ಇತ್ತು. ಅದಕ್ಕೇ ಟೈಪಿಂಗ್ ಮುಗಿದೊಡನೆ ಟೈಮ್‌ಲೈನ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆಯನ್ನು ಇಂಗ್ಲಿಷಿಗೆ ತಂದುಕೊಂಡು, ಆಮೇಲೆ ಬೆರಳನ್ನು ಜೆ ಮೇಲಿಡಿ.