ಎರಡೂ ಕಡೆ ಹಾಗೇ ಆಯ್ತು ಎಂದರೆ ಸಾಕೇ?

‘ಅಮಾವಾಸ್ಯೆಗೆ ಹಾಕಿದ ಅಡಿಕೆ ಬೀಜ ಏಳೂದಿಲ್ಲ. ಶಿರಸಿಯಲ್ಲೂ ಹಾಗೇ ಆಯ್ತು, ಹೊನ್ನಾವರದಲ್ಲೂ ಹಾಗೇ ಆಯ್ತು. ಎರಡೂ ಕಡೆ ಕಾಕತಾಳೀಯವೇ?’ ಎಂದು ಓದಿಕೊಂಡವರೂ ಕೇಳುವಾಗ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಇದಕ್ಕೆ ಲೆಕ್ಕವಿದೆ, ಅದೂ ಬಹಳ ಚೆಂದದ ಲೆಕ್ಕ.

ಎರಡು ನರ್ಸರಿಗಳಲ್ಲಿ ಬೀಜದಡಿಕೆಯನ್ನು ತೊಟ್ಟು ಮೇಲಾಗಿ ಮರಳಲ್ಲಿ ಹುಗಿದರು ಎನ್ನಿ. ಅಮಾವಾಸ್ಯೆಯವು ಒಂದು ಪಾಲು, ಉಳಿದ ದಿನದವು ಇನ್ನೊಂದು. ಪುಷ್ಟ ಮೊಳಕೆ, ಸಣಕಲು, ಎದ್ದೇ ಇಲ್ಲ ಎಂದು ಮೂರು ಬಗೆಯಾಗಿ ಎಣಿಸಿದರು. ಇಂಥ ಕೋಷ್ಟಕದ ಡಿಗ್ರಿ ಆಫ್ ಫ್ರೀಡಂ, ಅಂದರೆ ಸಾಲು-ಕಂಬಗಳ ಮೊತ್ತ ಗೊತ್ತಿದ್ದಾಗ ಸ್ವತಂತ್ರವಾಗಿ ಬದಲಾಗಬಲ್ಲ ಎಣಿಕೆಗಳ ಸಂಖ್ಯೆ, 2. ನಿರೀಕ್ಷಿಸಿದ ಎಣಿಕೆಗೂ ನಿಜದ ಎಣಿಕೆಗೂ ಇರುವ ಅಂತರವನ್ನು ಅಳೆಯುವ ಕೈ-ಸ್ಕ್ವೇರ್ ಎಂಬ ಸಂಖ್ಯೆ ಎರಡೂ ಕಡೆ 4 ಬಂತು ಎನ್ನಿ. ಅಮಾವಾಸ್ಯೆಗೂ ಮೊಳಕೆಗೂ ಸಂಬಂಧವೇ ಇಲ್ಲದಿದ್ದರೂ 4 ದಾಟುವ ಸಂಭವ ನೂರಕ್ಕೆ 13.5.

ಇಲ್ಲೇ ಹಲವರು ಎಡವುವುದು. 0.135 ಅನ್ನು 0.135ರಿಂದ ಗುಣಿಸಿ, 0.018 ಬಂದದ್ದು ಕಂಡು ‘ನೂರಕ್ಕೆ ಎರಡೂ ಇಲ್ಲ, ನೋಡಿ!’ ಎಂದುಬಿಡುತ್ತಾರೆ. ಆ ಗುಣಾಕಾರ ಹೇಳುವುದು ಎರಡೂ ಕಡೆ 4 ದಾಟುವ ಸಂಭವವನ್ನು ಮಾತ್ರ. ಒಂದು ಕಡೆ 7, ಇನ್ನೊಂದು ಕಡೆ 1 ಬಂದಿದ್ದರೆ ಬೆರಗಾಗುತ್ತಿರಲಿಲ್ಲವೇ? 8 ಮತ್ತು 0 ಬಂದಿದ್ದರೆ? ಡಿಗ್ರಿ 2 ಇರುವಾಗಿನ ಸೊಗಸೆಂದರೆ, ಎರಡೂ ಕಡೆಯದನ್ನು ಕೂಡಿಸಿದರೆ ಒಟ್ಟು 8 ಎಂದು ಗೊತ್ತಾದ ಮೇಲೆ ಅದು ಎರಡು ಕಡೆಗೆ ಹೇಗೆ ಬೇಕಾದರೂ ಹಂಚಿಹೋಗಿರಬಹುದು, ಎಲ್ಲ ಹಂಚಿಕೆಗೂ ಸಮಾನ ಅವಕಾಶ. ಆ ದಾರಿಗಳನ್ನೆಲ್ಲ ಸೇರಿಸಿದರೆ ಆ 0.018 ಐದು ಪಟ್ಟಾಗುತ್ತದೆ. ಮೊತ್ತದ ಅರ್ಧಕ್ಕೆ ಒಂದು ಕೂಡಿಸಿದರೆ ಬರುವ 5 ಅದು. ಅಂದರೆ ಮೊತ್ತ 8 ದಾಟುವ ಸಂಭವ ನೂರಕ್ಕೆ 9.2! ಅಮಾವಾಸ್ಯೆಯನ್ನು ದೂರುವಂಥದ್ದೇನೂ ಇದರಲ್ಲಿಲ್ಲ.

ಇದರ ಬೇರು ಭೂಮಾಪನದಲ್ಲಿದೆ. ಅಳತೆಯ ದೋಷಗಳ ವರ್ಗಗಳನ್ನು ಕೂಡಿಸಿದರೆ ಏನಾಗುತ್ತದೆಂದು ಜರ್ಮನಿಯ ಹೆಲ್ಮರ್ಟ್ 1876ರ ಹೊತ್ತಿಗೇ ಬಿಡಿಸಿದ್ದ. ಎರಡು ವರ್ಗಗಳ ಮೊತ್ತಕ್ಕೆ ಇನ್ನೆರಡು ವರ್ಗ ಸೇರಿದರೆ ನಾಲ್ಕು ವರ್ಗಗಳ ಮೊತ್ತ, ಹಾಗಾಗಿ ಡಿಗ್ರಿಗಳೂ ಕೂಡುತ್ತವೆ. 1900ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಇದನ್ನು ಎಣಿಕೆಗಳ ಪರೀಕ್ಷೆಗೆ ತಂದ. ಆದರೆ ಅವನ ರೀತಿಯಲ್ಲಿ ನಮ್ಮ ಕೋಷ್ಟಕದ ಡಿಗ್ರಿ 5 ಆಗುತ್ತಿತ್ತು. 1922ರಲ್ಲಿ ಫಿಶರ್ ತಿದ್ದಿದ.

ಡಿಗ್ರಿಗಳು ಕೂಡುತ್ತವೆ, ಗಡಿಗಳು ಕೂಡುವುದಿಲ್ಲ. ನೂರಕ್ಕೆ ಐದರ ಗಡಿ, ಅಂದರೆ ಬರೀ ಆಕಸ್ಮಿಕವಾಗಿ ನೂರಕ್ಕೆ ಐದು ಸಲ ಮಾತ್ರ ದಾಟುವ ಸಂಖ್ಯೆ, ಡಿಗ್ರಿ 2ಕ್ಕೆ 5.99, ಡಿಗ್ರಿ 4ಕ್ಕೆ 9.49, 11.98 ಅಲ್ಲ. ಇನ್ನು, ಇದೆಲ್ಲ ನಿಲ್ಲುವುದು ಎರಡೂ ನರ್ಸರಿಗಳು ನಿಜಕ್ಕೂ ಸ್ವತಂತ್ರವಾಗಿದ್ದರೆ. ಒಂದೇ ರಾಶಿಯ ಬೀಜ ಎರಡೂ ಕಡೆ ಹೋಗಿ, ಅಮಾವಾಸ್ಯೆಯ ಪಾಲಿಗೆ ಕಳಪೆಯವೇ ಬಂದಿದ್ದರೆ ಒಂದೇ ಆಕಸ್ಮಿಕವನ್ನು ಎರಡು ಸಲ ಎಣಿಸಿದ ಹಾಗೆ.

‘ಶಿರಸಿಯ ಪ್ರಯೋಗ ದೊಡ್ಡದು, ಅದಕ್ಕೆ ಎರಡು ಪಟ್ಟು ತೂಕ ಕೊಡೋಣ’ ಎಂದರೆ ಇನ್ನೊಂದು ಗುಂಡಿ. ಆಗ ಮೊತ್ತ 12. ಅದನ್ನು ಡಿಗ್ರಿ 4ರ ಕೈ-ಸ್ಕ್ವೇರ್ ಸಂಭವಗಳ ಪಟ್ಟಿಯಲ್ಲಿ ಹುಡುಕಿದರೆ ನೂರಕ್ಕೆ 1.7 ಎಂಬ ಬೆರಗಿನ ಸಂಖ್ಯೆ ಸಿಗುತ್ತದೆ. ಅದು ಸುಳ್ಳು, ತೂಕ ಬೇರೆಬೇರೆಯಾದ ಮೊತ್ತ ಕೈ-ಸ್ಕ್ವೇರ್ ಆಗಿ ಉಳಿಯುವುದೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಬರುವುದು ನೂರಕ್ಕೆ 9.7.