ಅದು ರೇಡಿಯಂ ಅಲ್ಲ: ಸೈಕಲ್ಲಿಗೆ ಹಿಂದಿನ ಲೈಟು ಕೊಳ್ಳೋ ಮುಂಚೆ

ಅಕ್ಕನ ಮಗ ಹೊಸ ಸೈಕಲ್ ತಗೊಂಡಿದಾನೆ. ಬೆಳಗ್ಗೆ ಐದೂವರೆಗೆಲ್ಲಾ ಚಾಮುಂಡಿ ಬೆಟ್ಟ ಹತ್ತೋಕೆ ಹೋಗ್ತೀನಿ ಮಾಮ, ಹಿಂದಕ್ಕೊಂದು ಲೈಟು ಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದ. ಫೋನಲ್ಲಿ ನಾಲ್ಕು ಲೈಟು ಆರಿಸಿಟ್ಕೊಂಡಿದ್ದ, ನಾಲ್ಕನ್ನೂ ಲೂಮೆನ್ ನೋಡ್ಕೊಂಡೇ ಆರಿಸಿದ್ದು. ಲೂಮೆನ್ ಜಾಸ್ತಿ ಇದ್ರೆ ಸೇಫ್ಟಿನೂ ಜಾಸ್ತಿ ಅನ್ನೋ ಲೆಕ್ಕ. ಅಷ್ಟೇ ಅಲ್ಲ, ಸೈಕಲ್ ಜೊತೆ ಬಂದಿದ್ದ ಕೆಂಪು ರಿಫ್ಲೆಕ್ಟರನ್ನ ಮೊದಲ ದಿನಾನೇ ಬಿಚ್ಚಿ ಡ್ರಾಯರಿಗೆ ಹಾಕಿದಾನೆ, ಲೈಟೇ ಹಾಕ್ತೀನಲ್ಲ, ಆ ರೇಡಿಯಂ ಯಾಕೆ ಅಂತ. ಮೂರು ಮಾತಲ್ಲಿ ಮೂರು ತಪ್ಪು, ಮೂರನ್ನೂ ನಾವೆಲ್ಲಾ ದಿನಾ ಆಡ್ತೀವಿ.

ಮೊದಲು ಲೂಮೆನ್. ಲೂಮೆನ್ ಅಂದ್ರೆ ಲೈಟಿಂದ ಎಲ್ಲಾ ದಿಕ್ಕಿಗೂ ಸೇರಿ ಹೊರಗೆ ಬೀಳೋ ಒಟ್ಟು ಬೆಳಕು. ಹಿಂದೆ ಬರೋ ಲಾರಿ ಡ್ರೈವರ್ ಕಡೆಗೆ ಅದರಲ್ಲಿ ಎಷ್ಟು ಹೋಗ್ತಿದೆ ಅಂತ ಹೇಳೋದು ಬೇರೆ ಅಳತೆ, ಅದರ ಹೆಸರು ಕ್ಯಾಂಡೆಲಾ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ್ರೆ ನಲ್ಲಿಯಿಂದ ಬರೋ ನೀರೇನೂ ಜಾಸ್ತಿ ಆಗಲ್ಲ, ಆದ್ರೂ ಆಚೆ ಬೇಲಿ ತನಕ ಚಿಮ್ಮತ್ತೆ ನೋಡಿ, ಹಾಗೆ. 20 ಲೂಮೆನ್ ಬೆಳಕನ್ನ ಹಿಂದಿನ ಅರ್ಧಗೋಳಕ್ಕೆಲ್ಲಾ ಸಮವಾಗಿ ಚೆಲ್ಲಿದ್ರೆ ಸಿಗೋದು 3 ಕ್ಯಾಂಡೆಲಾ ಚಿಲ್ಲರೆ. ಅದೇ 20 ಲೂಮೆನ್ನನ್ನ ಲೆನ್ಸ್ ಹಾಕಿ 20 ಡಿಗ್ರಿ ಅಗಲದ ಕೋನಕ್ಕೆ ಹಿಡಿದ್ರೆ 200 ಕ್ಯಾಂಡೆಲಾ ದಾಟತ್ತೆ. ಅದೇ ಬ್ಯಾಟರಿ, ಅದೇ ಬಲ್ಬು, ಅರುವತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಆದ್ರೆ ಹೀಗೆ ಹಿಡಿದಿಟ್ಟ ಬೆಳಕಿಗೆ ಗುರಿ ಸರಿ ಇರಬೇಕು. ಸೀಟಿನ ಕೆಳಗಿನ ಪೈಪು ನೆಟ್ಟಗಿರಲ್ಲ, ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರತ್ತೆ. ಅದಕ್ಕೆ ಲೈಟನ್ನ ಹಾಗೇ ನೇರ ಕಟ್ಟಿದ್ರೆ ಲೈಟು ಅಷ್ಟೇ ಡಿಗ್ರಿ ನೆಲದ ಕಡೆ ಬಗ್ಗತ್ತೆ. 80 ಸೆಂಟಿಮೀಟರ್ ಎತ್ತರದಲ್ಲಿದ್ರೆ ಕಿರಣದ ನಡುಭಾಗ ಎರಡೂವರೆ ಮೀಟರ್ ಹಿಂದೆ ಟಾರಿಗೆ ಬೀಳತ್ತೆ, ಡ್ರೈವರಿಗೆ ಅಂಚಿನ ಮಂಕು ಬೆಳಕು ಮಾತ್ರ. ಒಳ್ಳೇ ಲೈಟುಗಳ ಕ್ಲಾಂಪಲ್ಲಿ ಈ ಓರೆಯನ್ನ ಸರಿಮಾಡೋ ವ್ಯವಸ್ಥೆ ಇರತ್ತೆ. ನಾನು ಅಂಗಡೀಲಿ ಮೊದಲು ನೋಡೋದೇ ಅದನ್ನ, ಲೂಮೆನ್ ಆಮೇಲೆ.

ಈಗ ಆ ಡ್ರಾಯರಿನ ರಿಫ್ಲೆಕ್ಟರಿಗೆ ಬರ್ತೀನಿ, ನನಗೆ ಈ ವಿಷಯದಲ್ಲೆಲ್ಲಾ ಹುಚ್ಚು ಹಿಡಿಸಿರೋದು ಇದೇ. ಅದನ್ನ ಕಣ್ಣಿನ ಹತ್ರ ಹಿಡಿದು ನೋಡಿ. ಒಳಗೆ ಸಾಲುಸಾಲಾಗಿ ಚಿಕ್ಕ ಚಿಕ್ಕ ಮೂಲೆಗಳು, ರೂಮಿನ ಎರಡು ಗೋಡೆ ಮತ್ತು ನೆಲ ಸೇರೋ ಜಾಗ ಇರತ್ತಲ್ಲ ಆ ಥರ, ಪ್ರತಿ ಮೂಲೇಲೂ ಮೂರು ಮುಖ, ಒಂದಕ್ಕೊಂದು 90 ಡಿಗ್ರಿ. ಕೇರಂ ನೆನಪಿಸ್ಕೊಳ್ಳಿ. ಸ್ಟ್ರೈಕರ್ ಓರೆಯಾಗಿ ಹೋಗಿ ಪಾಕೆಟ್ ಪಕ್ಕ ಒಂದು ಫ್ರೇಮಿಗೆ ಬಡಿದು, ತಕ್ಷಣ ಇನ್ನೊಂದಕ್ಕೆ ಬಡಿದ್ರೆ, ಬಂದ ದಾರಿಗೆ ಸಮಾನಾಂತರವಾಗಿ ನಿಮ್ಮ ಕಡೆಗೇ ವಾಪಸ್ ಬರತ್ತೆ. ಯಾವ ಓರೇಲಿ ಹೊಡೆದ್ರೂ ಅಷ್ಟೇ, ಯಾಕಂದ್ರೆ ಒಂದು ಫ್ರೇಮು ಎಡ-ಬಲವನ್ನ ತಿರುಗಿಸತ್ತೆ, ಇನ್ನೊಂದು ಹಿಂದು-ಮುಂದನ್ನ. ಕೇರಂ ಬೋರ್ಡಿಗೆ ಮೇಲೆ-ಕೆಳಗೆ ಅನ್ನೋದಿಲ್ಲ, ಬೆಳಕಿಗೆ ಇದೆ, ಅದಕ್ಕೇ ಮೂರನೇ ಮುಖ. ಮಾಮೂಲಿ ಕನ್ನಡಿ ಬೆಳಕನ್ನ ಆಚೆ ಪಕ್ಕಕ್ಕೆ ಎಸೆದುಬಿಡತ್ತೆ, ಈ ಮೂಲೆ ಯಾರು ಕಳಿಸಿದ್ರೋ ಅವರಿಗೇ ಹಿಂದಿರುಗಿಸತ್ತೆ, ವಿಳಾಸ ಸಿಗದ ಕಾಗದವನ್ನ ಪೋಸ್ಟ್‌ಮ್ಯಾನ್ ಬರೆದವರ ಮನೆಗೇ ತಂದುಕೊಡೋ ಹಾಗೆ. ಸೈಕಲ್ ಒಂಚೂರು ಸೊಟ್ಟಗೆ ಹೋಗ್ತಿದ್ರೂ ಕೆಲಸ ನಡೆಯತ್ತೆ.

ಚಂದ್ರನ ಮೇಲೆ ಇರೋದೂ ಇದೇ. 1969ರಲ್ಲಿ ಅಪೋಲೋ 11ರವರು ಇಂಥ 100 ಮೂಲೆಗಳ ಒಂದು ಫಲಕ ಇಟ್ಟು ಬಂದ್ರು, ಭೂಮಿಯಿಂದ ಲೇಸರ್ ಬಿಟ್ರೆ ಎರಡೂವರೆ ಸೆಕೆಂಡಲ್ಲಿ ಹೋಗಿ ವಾಪಸ್ ಬರತ್ತೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರೀತಿದಾನೆ ಅಂತ ನಮಗೆ ಖಚಿತವಾಗಿ ಗೊತ್ತಾಗಿದ್ದೇ ಹೀಗೆ ಅಳೆದು ಅಳೆದು. ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ನಾಸಾ ಕೊಟ್ಟ ಎಂಟು ಮೂಲೆಗಳ ಪುಟ್ಟ ಗುಮ್ಮಟ ಇದೆ, ಅಗಲ ಬರೀ 5 ಸೆಂಟಿಮೀಟರ್. 2023ರ ಡಿಸೆಂಬರ್ 12ರಂದು ಚಂದ್ರನನ್ನ ಸುತ್ತೋ ನಾಸಾ ನೌಕೆಯೊಂದು ನೂರು ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟು ಅದರಿಂದ ಉತ್ತರ ಪಡೀತು. ಬ್ಯಾಟರಿ ಇಲ್ಲ, ವೈರಿಲ್ಲ. ಹುಡುಗ ಡ್ರಾಯರಿಗೆ ಹಾಕಿದ್ದು ಇದರ ತಮ್ಮನನ್ನ.

ಇನ್ನು ರೇಡಿಯಂ ಅನ್ನೋ ಮಾತು. ನಮ್ಮೂರಲ್ಲಿ ನಂಬರ್ ಪ್ಲೇಟ್ ಸ್ಟಿಕರ್ ಅಂಟಿಸೋ ಅಂಗಡಿಗೆಲ್ಲಾ ರೇಡಿಯಂ ಅಂಗಡಿ ಅಂತಾನೇ ಹೆಸರು. ಆ ಸ್ಟಿಕರಲ್ಲಾಗ್ಲಿ ರಿಫ್ಲೆಕ್ಟರಲ್ಲಾಗ್ಲಿ ರೇಡಿಯಂ ಒಂದು ಕಣಾನೂ ಇಲ್ಲ, ಇರೋದು ಗಾಜಿನ ಸಣ್ಣ ಮಣಿಗಳು ಇಲ್ಲಾ ಇದೇ ಪ್ಲಾಸ್ಟಿಕ್ ಮೂಲೆಗಳು. ನಿಜವಾದ ರೇಡಿಯಂ ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದ ವಿಕಿರಣ ಧಾತು. ಅದನ್ನ ಬಣ್ಣಕ್ಕೆ ಬೆರೆಸಿ ವಾಚಿನ ಅಂಕಿಗಳಿಗೆ ಹಚ್ತಿದ್ರು, ಕತ್ತಲಲ್ಲಿ ತಾನೇ ಹೊಳೀತಿತ್ತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಆ ಕೆಲಸ ಮಾಡ್ತಿದ್ದ ಹುಡುಗಿಯರಲ್ಲಿ ಹಲವರು ಬ್ರಷ್ ಚೂಪು ಮಾಡೋಕೆ ಅಂತ ತುಟಿಗಿಟ್ಟು ಎಳ್ಕೊಂಡು ಎಳ್ಕೊಂಡು ದವಡೆ ಮೂಳೆ ಕೊಳೆತು ಸತ್ತುಹೋದ್ರು. ಅಂಥ ಹೆಸರನ್ನ ಇದಕ್ಕೆ ಅಂಟಿಸಿದ್ರಿಂದ ಇನ್ನೊಂದು ತಪ್ಪು ನಂಬಿಕೆನೂ ಬೆಳೆದಿದೆ, ರಿಫ್ಲೆಕ್ಟರ್ ತಾನೇ ಹೊಳೆಯತ್ತೆ, ಕತ್ತಲಾದ್ರೆ ಸಾಕು ಅಂತ. ಇಲ್ಲ. ಹೆಡ್‌ಲೈಟ್ ಬಿದ್ರೆ ಮಾತ್ರ, ಅದೂ ಹೆಡ್‌ಲೈಟಿನ ಕಡೆಗೇ. ಕಾರಲ್ಲಿ ಡ್ರೈವರ್ ಕಣ್ಣು ಹೆಡ್‌ಲೈಟಿಗೆ ಹತ್ರಾನೇ ಇರತ್ತೆ, ಲಾರೀಲಿ ಕಣ್ಣು ತುಂಬಾ ಮೇಲಿರತ್ತೆ, ಹಾಗಾಗಿ ಹತ್ತಿರ ಬಂದಷ್ಟೂ ಲಾರಿಯವರಿಗೆ ನಿಮ್ಮ ರಿಫ್ಲೆಕ್ಟರ್ ಮಂಕಾಗತ್ತೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಅಡ್ಡ ಬಂದ್ರಂತೂ ಮುಗೀತು. ಮತ್ತೆ ಅದರ ಬೆನ್ನು ಬಿರುಕು ಬಿಟ್ಟು ಒಳಗೆ ನೀರು ಸೇರಿದ್ರೆ ಬೆಳಕು ವಾಪಸ್ ಬರದೆ ನೀರಿನೊಳಕ್ಕೆ ದಾಟಿಬಿಡತ್ತೆ. ನನ್ನ ಹಳೇ ಸೈಕಲ್ಲಿಂದು ಒಂದು ಮಳೆಗಾಲದಲ್ಲಿ ಹಾಗೇ ಸತ್ತಿತ್ತು, ಹಗಲಲ್ಲಿ ನೋಡೋಕೆ ಫಳಫಳ ಕೆಂಪು, ರಾತ್ರಿ ಬರೀ ಕಪ್ಪು ಚೌಕ. ಅದಕ್ಕೇ ಎರಡೂ ಬೇಕು ಅನ್ನೋದು.

ಬ್ಲಿಂಕ್ ಮೋಡ್ ಬಗ್ಗೆ ಸ್ವಲ್ಪ. ಮಿನುಗಿದ್ರೆ ಜಾಸ್ತಿ ದೂರಕ್ಕೆ ಕಾಣತ್ತೆ ಅಂತಾರೆ. 1911ರಲ್ಲಿ ಬ್ಲೊಂಡೆಲ್ ಮತ್ತು ರೇ ಅನ್ನೋ ಇಬ್ರು ಫ್ರೆಂಚರು ಮಿಂಚೋ ದೀಪಗಳ ಬಗ್ಗೆ ಒಂದು ಸೂತ್ರ ಕೊಟ್ರು, ಲೈಟ್‌ಹೌಸಿನವರಿಗೆ ಬಹಳ ಉಪಯೋಗಕ್ಕೆ ಬಂತು. ಅದರ ಪ್ರಕಾರ ದೂರದಿಂದ ಕಂಡೂ ಕಾಣದ ಹಾಗಿರೋ ದೀಪ 0.1 ಸೆಕೆಂಡ್ ಮಿಂಚಿದ್ರೆ ಕಣ್ಣಿಗೆ ತನ್ನ ನಿಜವಾದ ಶಕ್ತಿಯ ಮೂರರಲ್ಲೊಂದು ಭಾಗದಷ್ಟೇ ಕಾಣೋದು, 0.05 ಸೆಕೆಂಡಾದ್ರೆ ಐದರಲ್ಲೊಂದು. ಹಗಲಲ್ಲಿ ಮಿನುಗು ಗಮನ ಸೆಳೆಯತ್ತೆ, ಒಪ್ತೀನಿ. ಕಗ್ಗತ್ತಲಲ್ಲಿ ಮಾತ್ರ ಆರಿದಾಗೆಲ್ಲಾ ಡ್ರೈವರ್ ಕಣ್ಣಿಂದ ನೀವು ತಪ್ಪಿಹೋಗ್ತೀರ, ಎಷ್ಟು ದೂರ, ಯಾವ ಕಡೆ ಸರೀತಿದಾರೆ ಅಂತ ಅಂದಾಜು ಸಿಗಲ್ಲ. ಜರ್ಮನಿಯಲ್ಲಿ ಸೈಕಲ್ಲಿನ ಹಿಂದಿನ ಲೈಟು ಮಿನುಗೋ ಹಾಗೇ ಇಲ್ಲ, ಕಾನೂನೇ ಇದೆ.

ಹುಡುಗ ಕೊನೆಗೆ ತಂದಿದ್ದು ನಾಲ್ಕರಲ್ಲಿ ಲೂಮೆನ್ ಅತಿ ಕಡಿಮೆ ಇದ್ದ, ಲೆನ್ಸ್ ಇದ್ದ ಲೈಟು. ರಾತ್ರಿ ಬೀದಿ ದೀಪ ಇಲ್ಲದ ಕಡೆ ಸೈಕಲ್ ನಿಲ್ಸಿ, ರಿಫ್ಲೆಕ್ಟರ್ ವಾಪಸ್ ಹಾಕ್ಸಿ, ಇಪ್ಪತ್ತು ಹೆಜ್ಜೆ ದೂರ ಹೋಗಿ ಅವನ ಕೈಗೆ ಟಾರ್ಚ್ ಕೊಟ್ಟೆ. ಕಿವಿ ಪಕ್ಕ ಹಿಡಿದಾಗ ರಿಫ್ಲೆಕ್ಟರ್ ಕೆಂಡದ ಹಾಗೆ ಹೊತ್ಕೊಂಡ್ತು. ಕೈ ಪೂರ್ತಿ ಪಕ್ಕಕ್ಕೆ ಚಾಚಿದಾಗ ಮಂಕಾಯ್ತು, ಮತ್ತೆ ಕಿವಿಗೆ ತಂದ, ಮತ್ತೆ ಚಾಚಿದ, ಹತ್ತು ಸಲ ಮಾಡಿರಬೇಕು. ಆಮೇಲೆ ಟಾರ್ಚ್ ಆರಿಸಿ, ಲೈಟ್ ಹಾಕಿ ನೂರು ಹೆಜ್ಜೆ ಹೋಗಿ ನೋಡಿದ್ರೆ ಬೆಳಕು ಸಾಲದು, ಸೈಕಲ್ ಹಿಂದೆ ಟಾರಿನ ಮೇಲೆ ಕೆಂಪು ಕಲೆ ಕಾಣ್ತಿದೆ. ಇದರ ಕ್ಲಾಂಪಲ್ಲಿ ಓರೆ ಸರಿಮಾಡೋ ವ್ಯವಸ್ಥೆ ಇರ್ಲಿಲ್ಲ. ಹಳೇ ಟ್ಯೂಬಿನ ತುಂಡು ಮಡಚಿ ಕ್ಲಾಂಪಿನ ಕೆಳ ಅಂಚಿಗೆ ಸಿಕ್ಕಿಸಿದ್ವಿ. ಅವನು ಮತ್ತೆ ನೂರು ಹೆಜ್ಜೆ ಓಡಿಹೋಗಿ ಅಲ್ಲಿಂದಾನೇ ಕೂಗಿದ, ಮಾಮ, ಕಣ್ಣು ಚುಚ್ತಿದೆ, ಇನ್ನೊಂಚೂರು ಇಳ್ಸಿ.