ಉತ್ತರ ಸರಿ, ರೀತಿ ಸರಿಯೇ? ಭಾಷಾ ಮಾದರಿಗಳ ತರ್ಕವನ್ನು ಅಳೆದ ಬಗೆ

ವಿಜಯಪುರದ ಪ್ರೌಢಶಾಲೆಗಳಲ್ಲಿ ಗಣಿತದ ಉತ್ತರಪತ್ರಿಕೆ ತಿದ್ದುವ ಶಿಕ್ಷಕರು ಕೊನೆಯ ಸಾಲೊಂದನ್ನೇ ನೋಡುವುದಿಲ್ಲ. ಸೂತ್ರಕ್ಕೆ ಇಷ್ಟು, ಬೆಲೆ ಆದೇಶಿಸಿದ್ದಕ್ಕೆ ಇಷ್ಟು ಎಂದು ಹಂತಹಂತಕ್ಕೆ ಅಂಕ ಕೊಡುತ್ತಾರೆ. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ತರ್ಕ ಮಾಡಬಲ್ಲವೇ ಎಂಬ ಚರ್ಚೆ ಈಗ ಗೋಜಲಾಗಿದ್ದರೆ, ಅವುಗಳ ಉತ್ತರಗಳನ್ನು ಹೀಗೆ ತಿದ್ದುವ ರೂಢಿ ತಡವಾಗಿ ಬಂದದ್ದು ಅದಕ್ಕೆ ಮುಖ್ಯ ಕಾರಣ.

1956ರಲ್ಲಿ ಲಾಜಿಕ್ ಥಿಯರಿಸ್ಟ್ ಎಂಬ ಕಂಪ್ಯೂಟರ್ ಕ್ರಮವಿಧಿ ಗಣಿತದ ಪ್ರಮೇಯಗಳನ್ನು ಸಾಧಿಸಿದ ಮೇಲೆ, ಮನುಷ್ಯರು ಬರೆದಿಟ್ಟ ನಿಯಮಗಳನ್ನು ನಂಬಿದ ದಶಕಗಳು ಕಳೆದವು; ಆಮೇಲೆ ಮುಂದಿನ ಪದವನ್ನು ಊಹಿಸಿ ಬರೆಯುವ ಭಾಷಾ ಮಾದರಿಗಳು ಬಂದವು. ಇವುಗಳನ್ನು ಪರೀಕ್ಷಿಸಲು 2021ರಲ್ಲಿ ಓಪನ್‌ಎಐ ಸಂಸ್ಥೆಯು ಜಿಎಸ್‌ಎಂ8ಕೆ ಎಂಬ, ಸುಮಾರು 8,500 ಶಾಲಾ ಲೆಕ್ಕಗಳ ಸಂಗ್ರಹವನ್ನು ಹೊರತಂದಿತು. 2022ರ ಜನವರಿಯಲ್ಲಿ ಗೂಗಲ್ ಸಂಶೋಧಕರು, ಬಿಡಿಸಿದ ಕೆಲವು ಲೆಕ್ಕಗಳನ್ನು ಹಂತಗಳ ಸಮೇತ ಉದಾಹರಣೆಯಾಗಿ ಮುಂದಿಟ್ಟರೆ ದೊಡ್ಡ ಮಾದರಿಗಳ ಸಾಧನೆ ಏರುವುದನ್ನು ತೋರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ‘ಹಂತಹಂತವಾಗಿ ಯೋಚಿಸೋಣ’ ಎಂಬರ್ಥದ ಒಂದೇ ವಾಕ್ಯ ಸೇರಿಸಿದಾಗ ಮಲ್ಟಿಅರಿತ್ ಎಂಬ ಅಂಕಗಣಿತದ ಪರೀಕ್ಷೆಯಲ್ಲಿ ಮಾದರಿಯೊಂದರ ಅಂಕ ಶೇ. 17.7ರಿಂದ 78.7ಕ್ಕೆ ಜಿಗಿಯಿತು. ಈ ಜಿಗಿತ ಎಲ್ಲರನ್ನೂ ಬೆರಗುಗೊಳಿಸಿತು, ಆದರೆ ಅಂಕ ಸಿಕ್ಕದ್ದು ಕೊನೆಯ ಸಂಖ್ಯೆಗೆ. ನಡುವಿನ ಹಂತಗಳಿಗೆ ಅಲ್ಲ.

ಹಂತಗಳನ್ನೇ ತಿದ್ದುವ ದೊಡ್ಡ ಪ್ರಯತ್ನ ನಡೆದದ್ದು 2023ರಲ್ಲಿ. ಮಾದರಿ ಬರೆದ ಸುಮಾರು 8 ಲಕ್ಷ ಹಂತಗಳಿಗೆ ಮನುಷ್ಯರು ಸರಿ, ತಪ್ಪು ಎಂದು ಗುರುತು ಹಾಕಿದರು. ಹಾಗೆ ತರಬೇತಾದ ಪರಿಶೀಲಕ ಮಾದರಿ, ಉತ್ತರವನ್ನಷ್ಟೇ ನೋಡಿ ಕಲಿತದ್ದಕ್ಕಿಂತ ಸರಿಯಾದ ಪರಿಹಾರವನ್ನು ಹೆಚ್ಚು ಬಾರಿ ಆರಿಸಿತು. ನಮ್ಮ ಶಿಕ್ಷಕರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

2024ರ ಅಕ್ಟೋಬರಿನಲ್ಲಿ ಆ್ಯಪಲ್ ಸಂಶೋಧಕರು ಶಾಲಾ ಲೆಕ್ಕಗಳಿಗೆ ಸಂಬಂಧವಿಲ್ಲದ ವಾಕ್ಯವೊಂದನ್ನು ಸೇರಿಸಿ ನೋಡಿದರು. ಒಬ್ಬನು ಶುಕ್ರವಾರ 44, ಶನಿವಾರ 58, ಭಾನುವಾರ ಶುಕ್ರವಾರದ ಎರಡರಷ್ಟು ಕಿವಿ ಹಣ್ಣು ಕೊಯ್ದ, ಭಾನುವಾರದ ಹಣ್ಣುಗಳಲ್ಲಿ ಐದು ಸ್ವಲ್ಪ ಚಿಕ್ಕವು, ಒಟ್ಟು ಎಷ್ಟು? ಕಿವಿಯ ಬದಲು ನಮ್ಮ ಇಂಡಿ ತಾಲ್ಲೂಕಿನ ಲಿಂಬೆ ಎಂದುಕೊಂಡರೂ ಉತ್ತರ 190. ಹಣ್ಣು ಚಿಕ್ಕದಾದರೆ ಎಣಿಕೆ ಕಡಿಮೆಯಾಗುವುದಿಲ್ಲ. ಆದರೂ ಕೆಲವು ಮಾದರಿಗಳು ಐದನ್ನು ಕಳೆದು 185 ಎಂದವು. ಇಂಥ ಲೆಕ್ಕಗಳಲ್ಲಿ ಸಾಧನೆ ಗರಿಷ್ಠ ಶೇ. 65ರಷ್ಟು ಕುಸಿಯಿತು.

ಅದೇ ಹೊತ್ತಿಗೆ ಉತ್ತರಿಸುವ ಮುನ್ನ ದೀರ್ಘವಾಗಿ ಯೋಚಿಸುವ ಮಾದರಿಗಳು ಬರತೊಡಗಿದವು: 2024ರ ಸೆಪ್ಟೆಂಬರಿನಲ್ಲಿ ಓಪನ್‌ಎಐಯ ಓ1, ಮರುವರ್ಷ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಸಂಸ್ಥೆಯ ಆರ್1. ತರಬೇತಿಯಲ್ಲಿ ಆರ್1ಗೆ ಮುಖ್ಯವಾಗಿ ಬಹುಮಾನದ ಅಂಕ ದೊರೆತದ್ದು ಮತ್ತೆ ಅಂತಿಮ ಉತ್ತರ ಸರಿಯಾದದ್ದಕ್ಕೇ. ಅವುಗಳ ಸಾಮರ್ಥ್ಯ ನಿಜಕ್ಕೂ ಬೆಳೆದಿದೆ. ಆದರೆ ಬರೆದು ತೋರಿಸಿದ ಹಂತಗಳೇ ಉತ್ತರಕ್ಕೆ ಕಾರಣವೆಂದು ನಂಬುವಂತಿಲ್ಲ ಎಂಬುದನ್ನು 2023ರಿಂದ ಹಲವು ಪ್ರಯೋಗಗಳು ತೋರಿಸುತ್ತ ಬಂದಿವೆ.

ಜಿಎಸ್‌ಎಂ8ಕೆಯಿಂದ 250 ಲೆಕ್ಕಗಳನ್ನು ಆಯ್ದು ಜನರಿಂದಲೇ 10 ಭಾಷೆಗಳಿಗೆ ಅನುವಾದಿಸಿದ ಪರೀಕ್ಷೆಯೊಂದು 2022ರಲ್ಲೇ ಬಂದಿದೆ. ಅದರಲ್ಲಿ ತೆಲುಗು ಇದೆ, ಬಂಗಾಳಿ ಇದೆ; ಕನ್ನಡ ಇಲ್ಲ.